ಫೇರ್ ಕಾಪಿ ಮಾಡಿದ ಕಾಗದ

ಅಪ್ಪ,

ವಿಜಯನಗರದ ಲೈಬ್ರರಿಯಲ್ಲಿ ಭಾನುವಾರ ಹೈಸ್ಕೂಲು ಮಕ್ಕಳ ಕೈಲಿ ಕೈಬರಹದ ಪತ್ರಿಕೆ ಮಾಡಿಸುತ್ತಿದ್ದೇನೆ. ಕಾಲೇಜು ಸೇರಿ ಮೂರೇ ತಿಂಗಳಾದ ನನ್ನನ್ನು ಅವರು ಮಿಸ್ ಅನ್ನುತ್ತಾರೆ.

ಇವತ್ತು ಕಾಮಾಕ್ಷಿಪಾಳ್ಯದ ಗಂಗರತ್ನ ತನ್ನ ಅಮ್ಮ ಬರೆದ ಹಾಳೆಯೊಂದನ್ನು ತಂದಿದ್ದಳು. ಗಾರ್ಮೆಂಟ್ಸ್ ಕೆಲಸದ ಆಕೆ ಈಗಷ್ಟೇ ಓದುಬರಹ ಕಲಿತವರು. ಅಕ್ಷರಗಳು ಸಾಲು ಬಿಟ್ಟು ಇಳಿದಿದ್ದವು.

"ಏನೇ ಇದು, ಕೋಳಿ ಕೆದರಿದಂಗಿದೆ!" ಎಂದು ಹುಡುಗರು ನಕ್ಕರು.

"ಕೊಡು, ನಾನು ನೀಟಾಗಿ ಫೇರ್ ಕಾಪಿ ಮಾಡ್ತೀನಿ" ಅಂದೆ.

"ಬೇಡ ಮಿಸ್. ಹಂಗ್ ಮಾಡಿದ್ರೆ ನಮ್ಮಮ್ಮ ಇನ್ನೊಂದ್ಸಲ ಬರೆಯೋದೇ ಇಲ್ಲ."

ಪೆನ್ನು ಕೆಳಗಿಟ್ಟೆ. ಆರನೇ ಕ್ಲಾಸಿನಲ್ಲಿ, ನಿಮ್ಮ ಅಕ್ಷರ ನೋಡಿ ಹಾಸ್ಟೆಲ್ ಹುಡುಗಿಯರು ನಕ್ಕರೆಂದು, ನಿಮ್ಮ ಕಾಗದವನ್ನು ಫೇರ್ ಕಾಪಿ ಮಾಡಿ, "ಲೈಕ್ ದಿಸ್, ಅಪ್ಪ" ಎಂದು ವಾಪಸ್ ಕಳಿಸಿದ್ದೆ. ಆಮೇಲಿನವೆಲ್ಲ ಪಕ್ಕದ ಮನೆ ಹನುಮಂತಯ್ಯನವರ ಮುತ್ತಿನಂಥ ಅಕ್ಷರದಲ್ಲಿ ಬಂದವು. ನನಗೆ ಖುಷಿಯಾಗಿತ್ತು.

ಆ ಹಾಳೆಯನ್ನು ಇದ್ದ ಹಾಗೆಯೇ ಮೊದಲ ಪುಟಕ್ಕೆ ಅಂಟಿಸಿದೆವು.

ನೀವು ತೀರಿಕೊಂಡ ಮೇಲೆ ತೆರೆಯದ ಹಾಸ್ಟೆಲ್ ಟ್ರಂಕನ್ನು ಸಂಜೆ ತೆರೆದೆ. ಹನುಮಂತಯ್ಯನವರು ಬರೆದುಕೊಟ್ಟ ಕಾಗದಗಳೆಲ್ಲ ಇವೆ. ಒಂದೊಂದರ ಕೊನೆಯಲ್ಲೂ ರುಜು ಮಾತ್ರ ನಿಮ್ಮದು, ಸಾಲು ಬಿಟ್ಟು ಇಳಿದಿದೆ.