ಮಧ್ಯಾಹ್ನ ಹನ್ನೆರಡರ ಹೆಸರುಗಳು

ವಿಸ್ಕಾನ್ಸಿನ್,
೯ ನವೆಂಬರ್ ೧೯೬೭

ಪ್ರೀತಿಯ ಲುಡ್ವಿಕ್ ಅಣ್ಣ,

ವಿಯೆಟ್ನಾಮಿನಿಂದ ನೀನು ಬರೆದದ್ದು ತಲುಪಿ ವಾರವಾಯಿತು. ಉತ್ತರ ತಡವಾಯಿತು, ಬೈಯಬೇಡ. ನನ್ನ ತಲೆಗೆ ಏನೂ ಹತ್ತುವುದಿಲ್ಲ ಎನ್ನುತ್ತಿದ್ದೆಯಲ್ಲ, ಕೊನೆಗೂ ಲಾಠಿ ಹತ್ತಿತು. ಆರು ಹೊಲಿಗೆ. ಪದವಿ ಸಿಗುವ ಮೊದಲೇ ಪದಾಘಾತವೂ ಸಿಕ್ಕಿತು. ಯುದ್ಧ ಬೇಡವೆಂದು ಕಾಲೇಜಿನ ಮೆಟ್ಟಿಲ ಮೇಲೆ ಕೂತವರಿಗೆಲ್ಲ ಅಶ್ರುವಾಯು ಸಮಾರಾಧನೆ. ಅಮ್ಮ ಮಾತ್ರ, "ಅಣ್ಣ ಅಲ್ಲಿ ಗುಂಡಿಗೆ ಎದೆ ಕೊಟ್ಟವ್ನೆ, ನೀನಿಲ್ಲಿ ಬೀದಿ ನಾಟ್ಕ ಆಡ್ತಿದೀಯಾ?" ಎಂದು ಎರಡು ದಿನ ಮಾತು ಬಿಟ್ಟಳು.

ನಿನ್ನ ಪಕ್ಕದಲ್ಲೇ ಬಿದ್ದ ಕಜಿಮಿರನ ಸುದ್ದಿಯನ್ನು ಅವನ ತಾಯಿ ಹಲೀನಮ್ಮನಿಗೆ ಯಾರು, ಹೇಗೆ ಹೇಳಿದರೆಂದು ಕೇಳಿದ್ದೀಯ. ನಾನೇ ಹೇಳಿದೆ ಅಣ್ಣ.

ಇಲ್ಲಿ ದಿನಾ ಮಧ್ಯಾಹ್ನ ಹನ್ನೆರಡಕ್ಕೆ, ಪತ್ರಿಕೆಯಲ್ಲಿ ಬಂದ ಸತ್ತ ಸೈನಿಕರ ಹೆಸರುಗಳನ್ನು ಗಟ್ಟಿಯಾಗಿ ಓದುತ್ತೇವೆ. ನಮ್ಮ ಪೋಲಿಷ್ ಹೆಸರುಗಳಿಗೆ ಉಳಿದವರ ನಾಲಿಗೆ ಮುಗ್ಗರಿಸುವುದರಿಂದ ಓದುವ ಕೆಲಸ ನನಗೆ ಬಂತು. ಕಾಲೇಜಿನ ಅಡುಗೆಮನೆಯಿಂದ ಹಲೀನಮ್ಮ ಏಪ್ರನ್ನಿನಲ್ಲೇ ಬಂದು ನಿಲ್ಲುತ್ತಿದ್ದರು. "ನೆಟ್ಟಗೆ ನಿಂತ್ಕೊಂಡು ಓದೋ ಬ್ರೂನೊ! ಸತ್ತೋರಿಗೆ ಮರ್ಯಾದೆ ಬೇಡ್ವಾ?" ಎಂದು ಎಲ್ಲರೆದುರೇ ಗದರುತ್ತಿದ್ದರು.

ಅವರು ಮನೆ ಬದಲಿಸಿದ್ದರು. ಸೇನೆ ಕಳಿಸಿದ ತಂತಿಯನ್ನು ಹಳೆಯ ಮನೆಯಲ್ಲಿ ಯಾರೋ ಸಹಿ ಹಾಕಿ ತೆಗೆದುಕೊಂಡಿದ್ದರು. ಹಲೀನಮ್ಮನಿಗೇನೂ ಗೊತ್ತಿರಲಿಲ್ಲ. ಒಂದು ಮಧ್ಯಾಹ್ನ ನಾನು ಕಜಿಮಿರನ ಹೆಸರು ಓದಿದೆ.

"ಇನ್ನೊಂದ್ಸಲ ಓದಪ್ಪ. ಯಾವೂರು ಅಂದೆ?"

ಓದಿದೆ ಅಣ್ಣ. ಊರನ್ನೂ ಸೇರಿಸಿ ಇನ್ನೊಮ್ಮೆ ಓದಿದೆ!

"ಎಲೆಕೋಸಿನ ಸಾರು ಒಲೆ ಮೇಲಿದೆ, ಸೀದು ಹೋಗ್ತದೆ" ಎಂದು ಹಲೀನಮ್ಮ ಒಳಗೆ ನಡೆದರು. ಅಂದು ಮುನ್ನೂರು ಮಂದಿಗೆ ಅವರೇ ಬಡಿಸಿದರಂತೆ. ಮರುದಿನದಿಂದ ಕೆಲಸಕ್ಕೆ ಬಂದಿಲ್ಲ.

ಅಮ್ಮ ನಿನ್ನ ಹೆಸರಿನಲ್ಲಿ ದಿನಾ ಮೇಣದಬತ್ತಿ ಹಚ್ಚುತ್ತಾಳೆ. ದೇವಮಾತೆ ನಿನ್ನನ್ನು ಕಾಯಲಿ. ಕೈಕಾಲು ಸಮೇತ ಮನೆಗೆ ಬಾ, ಜಗಳವಾಡೋಣ.

ನಿನ್ನ ತಮ್ಮ,
ಬ್ರೂನೊ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಧೈರ್ಯವಿರಲಿಲ್ಲ. ಕಜಿಮಿರನ ಹೆಸರು, ಓದುವುದಕ್ಕೆ ಮೂರು ಸಾಲು ಮೊದಲೇ ನನ್ನ ಕಣ್ಣಿಗೆ ಬಿದ್ದಿತ್ತು. ಹಲೀನಮ್ಮ ಗುಂಪಿನ ಮುಂದೆಯೇ ನಿಂತಿದ್ದರು. ಕೆಮ್ಮಿ ಓದುವುದನ್ನು ನಿಲ್ಲಿಸಬಹುದಿತ್ತು. ಆದರೆ ಅಂದು ಸಾವಿರ ಜನ ಉಸಿರು ಬಿಗಿಹಿಡಿದು ನನ್ನ ದನಿಯೊಂದನ್ನೇ ಕೇಳುತ್ತಿದ್ದರು. ಆ ಹೆಸರು ಬಂದಾಗ ನಾನು ದನಿಯನ್ನು ಇನ್ನಷ್ಟು ಏರಿಸಿದೆ.