ಬೆಣೆ ಹಾಕಿದ ಹೆಸರು

ಪೂಜ್ಯ ಮೋನಪ್ಪ ಮಾವನಿಗೆ,

ಕುವೈತ್‌ನ ಸಾಲ್ಮಿಯಾದಿಂದ ನಿಮ್ಮ ಸೋದರಳಿಯ ಅಕ್ಷಯ್ ಮಾಡುವ ನಮಸ್ಕಾರ. ಈ ವರ್ಷದ ನೇಮೋತ್ಸವಕ್ಕೆ ಮೊದಲು ಕುವೈತ್ ಬಿಟ್ಟು ಊರಿಗೆ ಬಂದು ಮನೆತನದ ದೈವದ ಚಾಕರಿಯನ್ನು ವಹಿಸಿಕೊಳ್ಳುತ್ತೀಯಾ ಎಂದು ನೀವು ಕೇಳಿ ಎರಡು ತಿಂಗಳಾಯಿತು. ಫೋನಿನಲ್ಲಿ ಪ್ರತಿಸಲವೂ ಮಾತು ತಪ್ಪಿಸಿದೆ. ಉತ್ತರ ನನಗೇ ತಿಳಿದಿರಲಿಲ್ಲ. ಹೋದ ಗುರುವಾರ ತಿಳಿಯಿತು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಇಲ್ಲಿ ಶುವೈಖ್‌ನಲ್ಲಿರುವ ನಮ್ಮ ಕಂಪನಿ ಹಳೆಯ ಕಾರುಗಳನ್ನು ಪಶ್ಚಿಮ ಆಫ್ರಿಕಾದ ಟೋಗೋ ದೇಶಕ್ಕೆ ಕಳಿಸುತ್ತದೆ. ಆ ಕೆಲಸಕ್ಕೆ ನಾನು ಮತ್ತು ನನ್ನ ಜೊತೆ ಕೆಲಸ ಮಾಡುವ ಬಜ್ಪೆಯ ಮೋರಿಸ್ ಲೋಮೆ ನಗರಕ್ಕೆ ಹೋಗಿದ್ದೆವು. ಬಂದರಿನ ಕೆಲಸ ಮುಗಿದ ಮೇಲೆ ಡ್ರೈವರ್ ನಮ್ಮನ್ನು ವೊಡೂನ್ ಮಾರುಕಟ್ಟೆಗೆ ಕರೆದೊಯ್ದ. ವೊಡೂನ್ ಎಂದರೆ ಅವರ ದೈವಾರಾಧನೆ. ಹಲಗೆಗಳ ಮೇಲೆ ಮೊಸಳೆಯ ತಲೆ, ಮಂಗನ ಬುರುಡೆ, ಒಣಗಿದ ಹಕ್ಕಿ, ಮಣ್ಣಿನ ಗೊಂಬೆ. ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಮಾರುವವರು ಮಾತ್ರ ಔಷಧಿ ಅಂಗಡಿಯವರಷ್ಟೇ ಸಹಜವಾಗಿದ್ದರು.

“ನಿಮ್ಮ ದೈವಸ್ಥಾನದ ಹಾಗೇ ಉಂಟಲ್ಲ ಮಾರಾಯ, ನೇಮ ಒಂದು ಬಾಕಿ” ಎಂದು ಮೋರಿಸ್ ಚುಡಾಯಿಸಿದ. ಅವನು ಮೊಬೈಲ್ ತೆಗೆದಾಗ, ಕೇಳದೆ ಫೋಟೊ ಬೇಡವೆಂದು ತಡೆದೆ. ಹತ್ತನೇ ವಯಸ್ಸಿನಲ್ಲಿ ಕೇಳದೆ ದೈವದ ಮೊಗವನ್ನು, ಆ ಲೋಹದ ಮುಖವನ್ನು, ಮುಟ್ಟಿ ನಿಮ್ಮಿಂದ ತಿಂದ ಏಟು ನೆನಪಿತ್ತು.

ಇದನ್ನು ಗಮನಿಸಿದ ವೃದ್ಧ ಪೂಜಾರಿಯೊಬ್ಬರು ತಮ್ಮ ಗುಡಿಸಲಿಗೆ ಕರೆದರು. ಚಪ್ಪಲಿ ಕಳಚಿ ಕೂತೆ. ಬೆರಳುದ್ದದ ಮರದ ತುಂಡೊಂದನ್ನು ಕೊಟ್ಟರು. ನಡುವೆ ತೂತು, ದಾರಕ್ಕೆ ಕಟ್ಟಿದ ಪುಟ್ಟ ಬೆಣೆ. ಯಾವ ಮನೆಗೆ ಕ್ಷೇಮವಾಗಿ ಮರಳಬೇಕೋ ಅದರ ಹೆಸರನ್ನು ತೂತಿನೊಳಗೆ ಮೂರು ಸಲ ಪಿಸುಗುಟ್ಟಿ ಬೆಣೆ ಹಾಕಬೇಕಂತೆ, ಅವರ ಮಾತನ್ನು ಡ್ರೈವರ್ ತಿಳಿಸಿ ಹೇಳಿದ. ಹಾಗೆಯೇ ಮಾಡಿದೆ.

ನಾನು ತಪ್ಪಿದ್ದು ಆಮೇಲೆ. ಆ ಮರದ ತುಂಡನ್ನು ನಾನು ನಿಮ್ಮಿಂದ ಗಂಧಪ್ರಸಾದ ತೆಗೆದುಕೊಳ್ಳುವ ಹಾಗೆ ಎರಡೂ ಕೈಯೊಡ್ಡಿ ತೆಗೆದುಕೊಂಡಿದ್ದೆ. ಕುವೈತ್‌ಗೆ ತಾಯಿತ, ಮಾಟದ ವಸ್ತು ತರುವಂತಿಲ್ಲ; ಸಿಕ್ಕಿಬಿದ್ದರೆ ಇಕಾಮಾ, ಅಂದರೆ ಇಲ್ಲಿ ವಾಸಿಸುವ ಪರವಾನಗಿ, ರದ್ದಾಗಬಹುದು. ವಿಮಾನ ಹತ್ತುವ ಮುಂಚೆ ಮೋರಿಸ್ ತಮಾಷೆ ಬಿಟ್ಟು ಹೇಳಿದ: “ಕಸದ ಡಬ್ಬಕ್ಕೆ ಹಾಕು. ಇಕಾಮಾ ಹೋದರೆ ಶ್ರಾವಣಿಗೂ ಮಗುವಿಗೂ ಏನು ಹೇಳ್ತೀ?” ಪ್ರಸಾದವೆಂದು ಪಡೆದದ್ದನ್ನು ಕಸಕ್ಕೆ ಹಾಕಲು ಕೈ ಬರಲಿಲ್ಲ. ಅಂಗಿಯ ಜೇಬಿನಲ್ಲಿಟ್ಟುಕೊಂಡೆ.

ಕುವೈತ್‌ನ ಕಸ್ಟಮ್ಸ್‌ನಲ್ಲಿ ಅದು ಸಿಕ್ಕಿತು. ಮೋರಿಸ್‌ನನ್ನು ಹೊರಗೆ ಕಳಿಸಿ ನನ್ನನ್ನು ಕೋಣೆಯಲ್ಲಿ ಕೂರಿಸಿದರು. ನಲವತ್ತು ನಿಮಿಷ. ಮೇಜಿನ ಮೇಲೆ ನನ್ನ ಇಕಾಮಾ ಕಾರ್ಡು, ಪಕ್ಕದಲ್ಲಿ ಆ ಮರ. ಹೊರಗೆ ಶ್ರಾವಣಿ, ಮಗಳು ಅಶ್ಮಿತಾ ಕಾಯುತ್ತಿದ್ದರು. ಫೋನ್ ಅಧಿಕಾರಿಯ ಬಳಿಯಿತ್ತು. ಆಟಿಕೆ ಎಂದುಬಿಡಲೇ ಎಂದು ಯೋಚಿಸಿದೆ.

ಅಧಿಕಾರಿ ಬೆಣೆ ಎಳೆದು ತೂತಿನೊಳಗೆ ಟಾರ್ಚ್ ಬಿಟ್ಟು ನೋಡಿದರು. ಒಳಗೆ ಏನಿತ್ತು ಎಂದು ಕೇಳಿದರು.

“ಒಂದು ಮನೆಯ ಹೆಸರು” ಎಂದೆ.

“ಯಾವ ಮನೆ?”

“ಸಾಲ್ಮಿಯಾ. ನನ್ನ ಹೆಂಡತಿ, ಮಗಳು ಇರುವ ಮನೆ.”

ಅವರು ಬೆಣೆಯನ್ನು ಮತ್ತೆ ತೂತಿಗೆ ಸೇರಿಸಿದರು. ಮರದ ತುಂಡನ್ನು ಲಕೋಟೆಗೆ ಹಾಕಿ, ಕಾಗದಕ್ಕೆ ಸಹಿ ಮಾಡಿಸಿಕೊಂಡು, ಕಾರ್ಡನ್ನು ನನ್ನ ಕಡೆ ತಳ್ಳಿದರು. “ಖಲಾಸ್. ಇನ್ನೊಮ್ಮೆ ತರಬೇಡ. ಯಲ್ಲಾ, ಹೊರಡು, ಮನೆಗೆ ಹೋಗು.”

ಮಾವ, ಲೋಮೆಯಲ್ಲಿ ಮೂರು ಸಲವೂ ಹೇಳಿದ್ದು ಈ ಮನೆಯ ಹೆಸರನ್ನೇ. ಊರಿನಲ್ಲಿ ದೈವವಿರುವ ನಮ್ಮ ಚಾವಡಿಯ ಹೆಸರು ಬಾಯಿಗೆ ಬರಲಿಲ್ಲ. ದೈವದ ಮುಂದೆ ಒಂದು, ಮನಸ್ಸಿನಲ್ಲಿ ಒಂದು ಇರಬಾರದು ಎಂದು ಕಲಿಸಿದವರು ನೀವೇ. ಚಾಕರಿಯನ್ನು ರಾಜೀವಿ ದೊಡ್ಡಮ್ಮನ ಮಗ ಸುಮಿತ್‌ಗೆ ಒಪ್ಪಿಸಿ. ಅವನಿಗೆ ಮನಸ್ಸಿದೆ, ನಾನು ಹೂಂ ಅನ್ನಲಿ ಎಂದು ನೀವು ಕಾಯುತ್ತಿರುವುದರಿಂದ ಸುಮ್ಮನಿದ್ದಾನೆ.

ನೇಮಕ್ಕೆ ಬರುತ್ತೇನೆ, ಸಾಲಿನ ಕೊನೆಯಲ್ಲಿ ನಿಲ್ಲುತ್ತೇನೆ. ಕೋಪವಿದ್ದರೆ ಇರಲಿ, ಅಂದು ಗಂಧ ಕೊಡುವಾಗ ಮಾತ್ರ ನನ್ನ ಕೈ ದಾಟಿ ಹೋಗಬೇಡಿ.

ದೈವ ನಿಮ್ಮನ್ನು ಚೆನ್ನಾಗಿಟ್ಟಿರಲಿ.

ನಿಮ್ಮ ಅಳಿಯ,
ಅಕ್ಷಯ್