ರೂಟರ್ ಹಚ್ಚಿದ್ದು ನಿಜ, ಸುಟ್ಟಿಲ್ಲ

ಬ್ರಾಡ್‌ಬ್ಯಾಂಡ್ ಕಂಪನಿಯ ಗ್ರಾಹಕರ ದೂರು ವಿಭಾಗದ ಮುಖ್ಯಾಧಿಕಾರಿಗಳೇ,

ಮಾನ್ಯರೇ, ನಾನು ನಿಮ್ಮ ರೂಟರಿಗೆ ಬೆಂಕಿ ಇಟ್ಟಿಲ್ಲ. ಇಷ್ಟು ಸಣ್ಣ ಮಾತನ್ನು ನಾಲ್ಕು ಜನ ಓದುವ ಪತ್ರಿಕೆಯಲ್ಲಿ ಬರೆಯಬೇಕಾಗಿ ಬಂದದ್ದಕ್ಕೆ ನನಗೇ ನಾಚಿಕೆಯಾಗುತ್ತಿದೆ. ಆದರೆ ನಿಮ್ಮ ಕಂಪ್ಯೂಟರಿನಲ್ಲಿ ನನ್ನ ಹೆಸರಿನ ಮುಂದೆ ‘ಉಪಕರಣಕ್ಕೆ ಬೆಂಕಿ ಹಚ್ಚಿದ ಗ್ರಾಹಕಿ’ ಎಂದು ದಾಖಲಾಗಿದೆ. ಅದನ್ನು ಅಳಿಸಿ ಎಂದು ಫೋನಿನಲ್ಲಿ ಕೇಳಿದೆ, ಮೇಲ್ ಬರೆದೆ, ನಿಮ್ಮ ಸಂಗೀತವನ್ನು ಕಿವಿ ಕಾಯುವವರೆಗೂ ಆಲಿಸಿದೆ. ನಾನು ಸುಟ್ಟೆನೆಂದು ನೀವು ಹೇಳುವ ಆ ಪೆಟ್ಟಿಗೆ ಈ ಪತ್ರ ಬರೆಯುತ್ತಿರುವ ಹೊತ್ತಿನಲ್ಲಿ ನನ್ನೆದುರಿಗೇ ಕೂತು ಕೆಂಪು ಕಣ್ಣು ಮಿಟುಕಿಸುತ್ತಿದೆ. ಅದಕ್ಕೆ ಒಂದು ಗೀರೂ ಬಿದ್ದಿಲ್ಲ. ಕೆಲಸ ಮಾಡುತ್ತಿಲ್ಲ ಅಷ್ಟೆ.

ನನ್ನ ಹೆಸರು ಜಯಮಾಲಾ. ಜೇವರ್ಗಿಯಲ್ಲಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಬ್ಯೂಟಿ ಪಾರ್ಲರ್ ನಡೆಸುತ್ತೇನೆ. ಐಚ್ಛಿಕ ಕನ್ನಡ ತೆಗೆದುಕೊಂಡು ಬಿ.ಎ. ಮಾಡಿದವಳು. ಹುಬ್ಬು ತಿದ್ದುವುದಕ್ಕೆ ಆ ಪದವಿ ಬೇಕಾಗಿರಲಿಲ್ಲ, ನಿಮಗೆ ಕನ್ನಡ ತಿಳಿಸಿ ಹೇಳುವುದಕ್ಕೆ ಈಗ ಬೇಕಾಯಿತು. ಮನೆಯಲ್ಲಿ ನನ್ನ ಗಂಡ ಜಗದೇವ ಮತ್ತು ಅತ್ತೆ ಸಾಬಮ್ಮ ಇದ್ದಾರೆ. ನಿಮ್ಮ ಜಾಹೀರಾತಿನಲ್ಲಿ ಇಂಟರ್‌ನೆಟ್ ಬಳಸುವವರೆಲ್ಲ ಹರೆಯದವರು, ಬಿಳಿ ಸೋಫಾದ ಮೇಲೆ ಕೂತು ಕಾರಣವಿಲ್ಲದೆ ನಗುವವರು. ನಮ್ಮ ಮನೆಯಲ್ಲಿ ಇಂಟರ್‌ನೆಟ್ ಬೇಕಾಗಿರುವುದು ಅತ್ತೆಗೆ, ಅದೂ ಚೌಕಾಬಾರ ಆಡುವುದಕ್ಕೆ.

ಅತ್ತೆಯ ತಂಗಿ ಶಿವಕಾಂತಾ ಭೀಮಾ ನದಿಯ ಆಚೆ ಅಫಜಲಪುರದಲ್ಲಿದ್ದಾರೆ. ನಾನು ಅವರನ್ನು ಸಣ್ಣತ್ತೆ ಎನ್ನುತ್ತೇನೆ. ಮೊಣಕಾಲು ಗಟ್ಟಿ ಇದ್ದಷ್ಟು ಕಾಲ ಅಕ್ಕತಂಗಿಯರು ಬಸ್ಸು ಹತ್ತಿ ಹೋಗಿ ಕವಡೆ ಆಡಿ ಬರುತ್ತಿದ್ದರು. ಇಬ್ಬರ ಮೊಣಕಾಲೂ ಮುಷ್ಕರ ಹೂಡಿದ ಮೇಲೆ ನಾವು ನಿಮ್ಮ ಸಂಪರ್ಕ ತೆಗೆದುಕೊಂಡೆವು. ಊಟವಾಯಿತೆಂದರೆ ಇಬ್ಬರೂ ತಮ್ಮ ತಮ್ಮ ಮನೆಯ ಫರಸಿಕಲ್ಲಿನ ನೆಲದ ಮೇಲೆ ಸೀಮೆಸುಣ್ಣದಿಂದ ಆಟದ ಮನೆ ಬರೆದು, ಮೊಬೈಲನ್ನು ತಂಬಿಗೆಗೆ ಆನಿಸಿ ಕೂಡುತ್ತಾರೆ. ಇಲ್ಲಿ ಅತ್ತೆ ಕವಡೆ ಹಾಕಿದರೆ ಅಲ್ಲಿ ಸಣ್ಣತ್ತೆ ಅಕ್ಕನ ಕಾಯಿ ನಡೆಸುತ್ತಾರೆ, ಅಲ್ಲಿ ಹಾಕಿದರೆ ಇಲ್ಲಿ ನಡೆಯುತ್ತದೆ. ನಡುವೆ ಸೊಸೆಯರ ಬಗ್ಗೆ ನಾಲ್ಕು ಮಾತು. ಮೊಬೈಲಿನ ಸಿಗ್ನಲ್ ನಮ್ಮ ಕಲ್ಲಿನ ಗೋಡೆ ದಾಟಿ ಒಳಗೆ ಬರುವುದಿಲ್ಲ. ಮಾಳಿಗೆಯ ಮೇಲೆ ಚೆನ್ನಾಗಿ ಸಿಗುತ್ತದೆ, ಆದರೆ ಅತ್ತೆಯ ಮೊಣಕಾಲು ಮಾಳಿಗೆ ಹತ್ತುವುದಿಲ್ಲ. ಹಾಗಾಗಿ ನಮಗೆ ನೀವೇ ಗತಿ.

ಮೊದಮೊದಲು ಎಲ್ಲವೂ ಚೆನ್ನಾಗಿತ್ತು. ಆಮೇಲೆ ವೇಗ ಇಳಿದು ಚಿತ್ರ ನಿಲ್ಲತೊಡಗಿತು. ಸಣ್ಣತ್ತೆ ತಮ್ಮ ಸೊಸೆಯನ್ನು ಬೈಯುವಾಗ ನಿಂತಿದ್ದರೆ ಎರಡೂ ಮನೆಗೆ ಒಳ್ಳೆಯದಾಗುತ್ತಿತ್ತು, ನಾನೇ ನಿಮಗೆ ಧನ್ಯವಾದ ಬರೆಯುತ್ತಿದ್ದೆ. ಆದರೆ ಅದು ನಿಲ್ಲುತ್ತಿದ್ದದ್ದು ಸರಿಯಾಗಿ ಅತ್ತೆ ಕವಡೆ ಎಸೆಯುವಾಗ. ಅಫಜಲಪುರದ ಪರದೆಯ ಮೇಲೆ ಅತ್ತೆಯ ಕೈ ಗಾಳಿಯಲ್ಲಿ, ಬಾಯಿ ಅರ್ಧ ತೆರೆದು, ನಡುವೆ ನಿಮ್ಮ ಚಕ್ರ ತಿರುಗುತ್ತಿರುತ್ತದೆ. ಚಕ್ರ ಹೋಗಿ ಚಿತ್ರ ಬರುವ ಹೊತ್ತಿಗೆ ನಾಲ್ಕೂ ಕವಡೆ ಅಂಗಾತ ಬಿದ್ದು ಚೌಕಾ ಆಗಿರುತ್ತದೆ. ಅತ್ತೆಯ ಕೈಗುಣವೋ ನಿಮ್ಮ ಕಂಪನಿಯ ಕಾಲ್ಗುಣವೋ ಗೊತ್ತಿಲ್ಲ, ಚಿತ್ರ ನಿಂತಾಗಲೆಲ್ಲ ಚೌಕಾ. ಒಂದು ದಿನ ಅಂಥದೇ ಒಂದು ಚೌಕಾಕ್ಕೆ ಸಣ್ಣತ್ತೆಯ ಕಾಯಿ ಕಡಿದುಹೋಯಿತು, ಇನ್ನೇನು ಹಣ್ಣಾಗಬೇಕಿದ್ದ ಕಾಯಿ. ಸಣ್ಣತ್ತೆ ಬಹಳ ದಿನದಿಂದ ತಡೆದಿಟ್ಟುಕೊಂಡಿದ್ದ ಮಾತು ಆಡಿಯೇಬಿಟ್ಟರು.

“ಕವಡಿ ಗಾಳ್ಯಾಗ ಇದ್ದಾಗ ನಿಂತಂಗ ಮಾಡ್ತಿ, ಆಮ್ಯಾಲ ಕೈಲೆ ತಿರುವಿ ಇಡ್ತಿ. ನಂಗೇನು ತಿಳಿಯಂಗಿಲ್ಲ ಅಂತ ಮಾಡೀಯೇನಕ್ಕ?”

ಅತ್ತೆ ಎದೆ ಮುಟ್ಟಿಕೊಂಡು, “ಶಿವಕಾಂತಾ, ನಾ ದಗಾ ಮಾಡಾಕಿ ಅಲ್ಲ” ಎಂದರು.

ಮಾನ್ಯರೇ, ಕನ್ನಡದಲ್ಲಿ ‘ಅಲ್ಲ’ ಎನ್ನುವುದು ವಾಕ್ಯದ ಕೊನೆಗೆ ಬರುತ್ತದೆ. ನಿಮ್ಮ ಸಂಪರ್ಕ ಅಷ್ಟು ದೂರ ಹೋಗಲಿಲ್ಲ. ಅಫಜಲಪುರಕ್ಕೆ ಮುಟ್ಟಿದ್ದು ‘ಶಿವಕಾಂತಾ, ನಾ ದಗಾ ಮಾಡಾಕಿ’ ಎಂಬಷ್ಟೇ. ಆಮೇಲೆ ಚಕ್ರ. ತಂಗಿಯ ಪಾಲಿಗೆ ಅಕ್ಕ ಎದೆ ಮುಟ್ಟಿಕೊಂಡು ಮೋಸವನ್ನು ಒಪ್ಪಿಕೊಂಡಂತಾಯಿತು, ಅದೂ ಸೊಕ್ಕಿನಿಂದ. ಸಣ್ಣತ್ತೆ ಫೋನ್ ಇಟ್ಟವರು ಮತ್ತೆ ಮಾಡಿಲ್ಲ. ಅತ್ತೆಯೂ ಮಾಡಿಲ್ಲ.

ನಾವೇನು ಕೈಕಟ್ಟಿ ಕೂರಲಿಲ್ಲ. ಜಗದೇವ ಅವರಿಗೆ ರೂಟರಿನ ಜಾಗ ಸರಿಯಿಲ್ಲ ಎನ್ನಿಸಿತು. ಅದನ್ನು ಕಪಾಟಿನಿಂದ ಫ್ರಿಜ್ಜಿನ ಮೇಲೆ, ಫ್ರಿಜ್ಜಿನಿಂದ ಕಿಟಕಿಗೆ, ಕಿಟಕಿಯಿಂದ ಜೋಳದ ಚೀಲದ ಮೇಲೆ ವರ್ಗಾವಣೆ ಮಾಡುತ್ತ ಹೋದರು. ಅದರ ಕಡ್ಡಿಗಳನ್ನು ಒಮ್ಮೆ ಕಲಬುರಗಿಯ ಕಡೆಗೆ ತಿರುಗಿಸಿದರು, ಒಮ್ಮೆ ವಿಜಯಪುರದ ಕಡೆಗೆ. ಮೊಬೈಲಿನಲ್ಲಿ ವೇಗ ಅಳೆದು, ಜ್ವರ ನೋಡಿದವರಂತೆ ತಲೆ ಅಲ್ಲಾಡಿಸಿದರು. ಕೊನೆಗೆ ಎತ್ತರದಲ್ಲಿರಬೇಕೆಂದು ದೇವರ ಜಗಲಿಯ ಮೇಲೆ ಬಸವಣ್ಣನವರ ಫೋಟೋದ ಪಕ್ಕದಲ್ಲಿ ಇಟ್ಟರು. ಅತ್ತೆ ತಕರಾರು ಮಾಡಲಿಲ್ಲ. ಜಗಲಿಗೆ ಬಂದದ್ದನ್ನು ಬರಿ ಹಣೆಯಲ್ಲಿ ಬಿಡಬಾರದೆಂದು ಅದಕ್ಕೂ ಮೂರು ಬೆರಳು ವಿಭೂತಿ ಎಳೆದರು. ಆ ದಿನ ವೇಗ ಸ್ವಲ್ಪ ಏರಿದ್ದೂ ಉಂಟು. ನಿಮ್ಮ ತಾಂತ್ರಿಕ ವಿಭಾಗ ಬೇಕಿದ್ದರೆ ಪರಿಶೀಲಿಸಲಿ.

ಮರುದಿನ ಮತ್ತೆ ಅದೇ ಹಾಡು. ಆಗ ನಾನು ಮಾಳಿಗೆ ಹತ್ತಿ ನಿಮ್ಮ ಸಹಾಯವಾಣಿಗೆ ಫೋನ್ ಮಾಡಿದೆ. ಬೆಂಗಳೂರಿನ ಕಡೆಯ ಹುಡುಗಿ, ಸಕ್ಕರೆಯಂಥ ಕನ್ನಡ. ರೂಟರ್ ಆನ್ ಮಾಡಿದ್ದೀರಾ ಎಂದು ಕೇಳಿದಳು. ಮನೆಯಲ್ಲಿ ಆಡುವ ಮಾತೇ ನನ್ನ ಬಾಯಿಗೆ ಬಂತು.

“ಮುಂಜಾನೇನೇ ಹಚ್ಚೀನ್ರಿ.”

ಅವಳು ಮೆಲ್ಲಗೆ, ಹಚ್ಚಿದ್ದೀರಾ, ಯಾರು ಹಚ್ಚಿದ್ದು ಎಂದು ಕೇಳಿದಳು. ಗಂಡನ ಮೇಲೆ ಹಾಕುವುದು ಬೇಡವೆಂದು, “ನಾನೇ ನನ್ನ ಕೈಯಾರೆ ಹಚ್ಚೀನ್ರಿ. ಆಗಿಂದ ಕೆಂಪಗ ಉರಿಯಾಕತ್ತದ” ಎಂದೆ.

ಕೂಡಲೇ ಅವಳು, ನೀವು ಸುರಕ್ಷಿತವಾಗಿದ್ದೀರಾ, ಮನೆಯಲ್ಲಿ ವಯಸ್ಸಾದವರು ಇದ್ದಾರಾ, ರೂಟರಿನಿಂದ ಎಷ್ಟು ದೂರ ನಿಂತಿದ್ದೀರಿ ಎಂದು ವಿಚಾರಿಸಿದಳು. ಎಂಥ ಕಾಳಜಿಯ ಕಂಪನಿ ಎಂದು ನನಗೆ ಮನಸ್ಸು ತುಂಬಿ ಬಂತು. ಈಗ ಅದರ ಮೇಲೆ ಏನಾದರೂ ಕಾಣುತ್ತಿದೆಯೇ ಎಂದು ಕೇಳಿದಾಗ, ನಮ್ಮತ್ತೆ ಹಚ್ಚಿದ ಈಬತ್ತಿ ಇದೆ ಎಂದೆ. ಈಬತ್ತಿ ಅವಳಿಗೆ ತಿಳಿಯಲಿಲ್ಲ. ಪಾಪ, ತಿಳಿಯಲಿ ಎಂದು ಬಿಡಿಸಿ ಹೇಳಿದೆ.

“ಈಬತ್ತಿ ಅಂದ್ರ ಬೂದೀನೇ ಅನ್ರಿ.”

ವಿದ್ಯುತ್ ಉಪಕರಣದ ಮೇಲೆ ಯಾವ ಕಾರಣಕ್ಕೂ ನೀರು ಹಾಕಬೇಡಿ ಎಂದು ಎರಡೆರಡು ಸಲ ಹೇಳಿ ಅವಳು ಫೋನ್ ಇಟ್ಟಳು. ನನಗೆ ಒಂದು ಸಂದೇಶ ಬಂತು: ನಿಮ್ಮ ದೂರು ಇತ್ಯರ್ಥವಾಗಿದೆ, ಕಾರಣ: ಗ್ರಾಹಕರು ಉಪಕರಣಕ್ಕೆ ಬೆಂಕಿ ಹಚ್ಚಿದ್ದಾರೆ.

ಆ ಹುಡುಗಿಯದು ತಪ್ಪಲ್ಲ. ಆದರೆ ಜೇವರ್ಗಿಗೆ ಸಂಪರ್ಕ ಮಾರುವ ಮೊದಲು ಇಲ್ಲಿಯ ಜನ ಹೇಗೆ ಮಾತಾಡುತ್ತಾರೆಂದು ಯಾರನ್ನಾದರೂ ಕೇಳಬೇಡವೇ? ನಾವು ಫ್ಯಾನ್ ಹಚ್ಚುತ್ತೇವೆ, ಟಿ.ವಿ. ಹಚ್ಚುತ್ತೇವೆ, ಫೋನ್ ಹಚ್ಚುತ್ತೇವೆ. ಮಕ್ಕಳನ್ನು ಶಾಲೆಗೆ ಹಚ್ಚುತ್ತೇವೆ, ಅಂಗಳದಲ್ಲಿ ಗಿಡ ಹಚ್ಚುತ್ತೇವೆ, ಹೊಲಕ್ಕೆ ಆಳು ಹಚ್ಚುತ್ತೇವೆ. ನಾನಂತೂ ಹೊಟ್ಟೆಪಾಡಿಗೆ ಮದುವಣಗಿತ್ತಿಯರ ಕೈಗೆ ಮೆಹೆಂದಿ ಹಚ್ಚುವವಳು. ನಿಮ್ಮ ಲೆಕ್ಕದಲ್ಲಿ ಇಡೀ ತಾಲ್ಲೂಕು ಮುಂಜಾನೆಯಿಂದ ಸಂಜೆಯವರೆಗೆ ಹೊತ್ತಿ ಉರಿಯುತ್ತಿರಬೇಕು. ಅಗ್ನಿಶಾಮಕ ದಳದವರು ಇಲ್ಲಿ ಅಷ್ಟು ಆರಾಮಾಗಿ ಚಹಾ ಕುಡಿಯುತ್ತಿರುವುದು ಹೇಗೆ ಎಂಬ ಅನುಮಾನ ನಿಮಗೆ ಒಮ್ಮೆಯೂ ಬರಲಿಲ್ಲವೇ?

ಸರಿ, ಕಂಪನಿಯನ್ನೇ ಬದಲಿಸೋಣ ಎಂದುಕೊಂಡೆವು. ಆಳಂದ ತಾಲ್ಲೂಕಿನ ನಿಂಬರ್ಗಾ ನನ್ನ ತವರು. ಅಲ್ಲಿ ನನ್ನ ತಮ್ಮ ಅಮರನಾಥ ಇನ್ನೊಂದು ಕಂಪನಿಯ ಸಂಪರ್ಕ ಪಡೆದು, ಅದು ತನ್ನ ತೊಗರಿ ಹೊಲದ ತನಕ ಹಿಡಿಯುತ್ತದೆ ಎಂದು ಮೀಸೆ ತಿರುವುತ್ತಿರುತ್ತಾನೆ. ಅವನ ಮೀಸೆ ನಂಬಿ ಆ ಕಂಪನಿಗೆ ಹೇಳಿ ಕಳಿಸಿದೆ. ಹೊಸ ಕಂಪನಿಯ ಹಸಿರು ಟೊಪ್ಪಿಗೆ ಹಾಕಿಕೊಂಡು ಬಂದವನು ನದೀಮ. ನಿಮ್ಮ ನೀಲಿ ಟೊಪ್ಪಿಗೆ ಹಾಕಿಕೊಂಡು ನಮ್ಮ ಮನೆಗೆ ಮೊದಲು ವೈರ್ ಎಳೆದದ್ದೂ ಇದೇ ನದೀಮ. ಆ ಟೊಪ್ಪಿಗೆ ಅವನ ಹಿಂದಿನ ಕಿಸೆಯಿಂದ ಇಣುಕುತ್ತಿತ್ತು. ನಾನು ನೋಡಿದ್ದನ್ನು ಅವನೂ ನೋಡಿ, ಮರೆಮಾಚದೆ ಹೇಳಿದ.

“ವೈನಿ, ಕಂಪನಿ ಎರಡು ಅವ. ಓಣ್ಯಾಗ ವೈರ್ ಒಂದೇ ಅದರಿ.”

ಆ ಒಂದೇ ವೈರಿಗೆ ಹೊಸ ಕಂಪನಿ ಬರಬೇಕಾದರೆ ಹಳೆಯವರು ಬಿಡುಗಡೆ ಕೊಡಬೇಕಂತೆ. ನೀವು ಬಿಡುಗಡೆ ಕೊಡಬೇಕಾದರೆ ನಾನು ರೂಟರ್ ಹಿಂದಿರುಗಿಸಬೇಕು. ಸಂತೋಷದಿಂದ ಹಿಂದಿರುಗಿಸಲು ಹೋದರೆ, ದಾಖಲೆಯ ಪ್ರಕಾರ ಅದು ಬೂದಿಯಾಗಿದೆ, ಬೂದಿಯಾದ ಉಪಕರಣವನ್ನು ಹಿಂಪಡೆಯಲು ಅವಕಾಶವಿಲ್ಲ ಎಂದು ನಿಮ್ಮವರು ಹೇಳಿದರು. ಹಾಗಾದರೆ ನನ್ನ ಕೈಯಲ್ಲಿರುವುದು ಏನು ಎಂದು ಕೇಳಿದೆ. ಅದನ್ನು ಗ್ರಾಹಕರೇ ಸ್ಪಷ್ಟಪಡಿಸಬೇಕು ಎಂಬ ಉತ್ತರ ಬಂತು. ಅದು ಸುಟ್ಟಿಲ್ಲವೆಂದು ತೋರಿಸಲು ಒಂದು ವಿಡಿಯೋ ಮಾಡಿ ಕಳಿಸಬೇಕಂತೆ, ಅದೂ ನಿಮ್ಮದೇ ಸಂಪರ್ಕದ ಮೂಲಕ. ಮಾಡಿದೆ. ಅದು ಹೋಗಲಿಲ್ಲ, ಚಕ್ರ ತಿರುಗಿತು. ಮಾಳಿಗೆಗೆ ಹೋಗಿ ಮೊಬೈಲಿನ ಸಿಗ್ನಲಿನಲ್ಲಿ ಕಳಿಸಿದರೆ, ಇದು ನೋಂದಾಯಿತ ಸಂಪರ್ಕವಲ್ಲ ಎಂದು ವಾಪಸು ಬಂತು. ನಿಮ್ಮ ಇಂಟರ್‌ನೆಟ್ ಬರುತ್ತಿಲ್ಲ ಎಂಬುದನ್ನು ನಿಮ್ಮ ಇಂಟರ್‌ನೆಟ್ಟಿನಲ್ಲೇ ಕಳಿಸಿ ಎನ್ನುವ ಈ ನಿಯಮ ಮಾಡಿದ ಮಹಾನುಭಾವರು ಯಾರು? ಅವರ ಮನೆಯ ಸಂಪರ್ಕ ಯಾವ ಕಂಪನಿಯದು ಎಂದು ತಿಳಿಸಿದರೆ ನಾವೂ ಅದನ್ನೇ ತೆಗೆದುಕೊಳ್ಳುತ್ತೇವೆ.

ಇಷ್ಟರಲ್ಲಿ ನಾನು ಸುಮ್ಮನಿರದೆ ಮಾಳಿಗೆ ಹತ್ತಿ ಸಣ್ಣತ್ತೆಗೆ ಫೋನ್ ಮಾಡಿದೆ. ನನ್ನ ನಂಬರು ನೋಡಿ ಅವರು ಎತ್ತಿಕೊಂಡರು. ಕಂಪನಿಯದು ತಪ್ಪು, ಅತ್ತೆಯದಲ್ಲ ಎಂದು ಎಷ್ಟು ಹೇಳಿದರೂ, ನೀನು ಆಕೆಯ ಸೊಸೆ, ಆಕೆಯ ಪರವಾಗಿಯೇ ಹೇಳುತ್ತೀ ಎಂದರು. ಜೀವನದಲ್ಲಿ ಮೊದಲ ಬಾರಿಗೆ ನನ್ನ ಮೇಲೆ ಈ ಆರೋಪ ಬಂದದ್ದು. ಅತ್ತೆಯನ್ನು ಕಾರು ಮಾಡಿಕೊಂಡು ಅಫಜಲಪುರಕ್ಕೆ ಕರೆದುಕೊಂಡು ಹೋಗುತ್ತೇನೆಂದರೆ ಅವರು ಒಪ್ಪಲಿಲ್ಲ. ದಗಾಕೋರಳು ಎನ್ನಿಸಿಕೊಂಡ ಮನೆಯ ಹೊಸ್ತಿಲು ಹೇಗೆ ತುಳಿಯಲಿ ಎಂದು ಗೋಡೆಗೆ ಮುಖ ಮಾಡಿದರು.

ಮೊನ್ನೆ ಊಟವಾದ ಮೇಲೆ ಪಾರ್ಲರಿನಿಂದ ಒಳಗೆ ಬಂದೆ. ಅತ್ತೆ ಫರಸಿಯ ಮೇಲೆ ಆಟದ ಮನೆ ಬರೆದುಕೊಂಡು ಒಬ್ಬರೇ ಕೂತಿದ್ದರು. ತಮ್ಮ ಕವಡೆಯನ್ನೂ ತಾವೇ ಹಾಕುತ್ತಿದ್ದರು, ತಂಗಿಯದನ್ನೂ ತಾವೇ ಹಾಕುತ್ತಿದ್ದರು. ತಂಗಿಯ ಸರದಿ ಬಂದಾಗ ಎಡಗೈ. ನಾನು ಬಾಗಿಲಲ್ಲೇ ನಿಂತು ನೋಡಿದೆ. ಎಡಗೈಗೆ ಚೌಕಾ ಬೀಳದಿದ್ದಾಗ ಅತ್ತೆ ಅತ್ತಿತ್ತ ನೋಡಿ, ಒಂದು ಕವಡೆಯನ್ನು ಬೆರಳಿನಿಂದ ಮೆಲ್ಲಗೆ ತಿರುವಿ ಚೌಕಾ ಮಾಡಿದರು. ಆ ಮುದುಕಿ ತನ್ನ ಜನ್ಮದಲ್ಲಿ ಆಟದಲ್ಲಿ ಮೋಸ ಮಾಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ, ಅದೂ ತಂಗಿಯನ್ನು ಗೆಲ್ಲಿಸುವುದಕ್ಕೆ. ನನಗೆ ಅಳು ಬಂತು, ಅದರ ಹಿಂದೆಯೇ ನಿಮ್ಮ ಮೇಲೆ ಕೆಂಡದಂಥ ಸಿಟ್ಟು ಬಂತು.

ಆದ್ದರಿಂದ ಮಾನ್ಯರೇ, ನನ್ನ ಬೇಡಿಕೆ ಬದಲಾಗಿದೆ. ನನ್ನ ಹೆಸರಿನ ಮುಂದೆ ಇರುವುದು ಇರಲಿ ಬಿಡಿ. ಬೇಕಿದ್ದರೆ ರೂಟರ್ ಅಷ್ಟೇ ಅಲ್ಲ, ಕಂಬವನ್ನೂ ನಾನೇ ಸುಟ್ಟೆನೆಂದು ಸಹಿ ಮಾಡಿ ಕೊಡುತ್ತೇನೆ. ಅದಕ್ಕೆ ಬದಲಾಗಿ ಅಫಜಲಪುರದ ಶಿವಕಾಂತಾ ಅವರಿಗೆ ನಿಮ್ಮ ಕಂಪನಿಯ ಮುದ್ರೆ ಒತ್ತಿ ಒಂದು ಪತ್ರ ಬರೆಯಿರಿ. ‘ಅನಾನುಕೂಲತೆಗೆ ವಿಷಾದಿಸುತ್ತೇವೆ’ ಎಂಬ ನಿಮ್ಮ ಹಳೆಯ ರಾಗ ಬೇಡ, ಅದು ಅವರಿಗೆ ಅರ್ಥವಾಗುವುದಿಲ್ಲ. ಚಿತ್ರ ನಿಲ್ಲಿಸಿದ್ದು ನಾವು, ನಿಮ್ಮ ಅಕ್ಕ ಹಾಕಿದ ಕವಡೆ ಹಾಕಿದಂತೆಯೇ ಬಿದ್ದಿದೆ ಎಂದು ದಪ್ಪ ಅಕ್ಷರದಲ್ಲಿ ಬರೆಯಿರಿ. ಸೊಸೆಯ ಮಾತನ್ನು ಅವರು ನಂಬುವುದಿಲ್ಲ, ಮುದ್ರೆಯನ್ನು ನಂಬುತ್ತಾರೆ. ತಡ ಮಾಡಬೇಡಿ. ನಿಮಗೆ ಲಕ್ಷ ಗ್ರಾಹಕರು ಇರಬಹುದು, ನಮ್ಮ ಅತ್ತೆಗೆ ಇರುವವಳು ಒಬ್ಬಳೇ ತಂಗಿ.

ಇಂತಿ,
ತಮ್ಮ ಸಂಪರ್ಕ ಪಡೆದು ಎಲ್ಲರ ಸಂಪರ್ಕ ಕಳೆದುಕೊಂಡ,
ಜಯಮಾಲಾ ಜಗದೇವ, ಜೇವರ್ಗಿ